ಬೆನ್ನುಮೂಳೆಯ ಕೆಳಗಿನ ಕಪ್ಪು ರಕ್ತ

ಹನ್ನೊಂದು ವರ್ಷ ನಾನು ಒಂದು ಮಾತನ್ನು ಹೇಳಲಿಲ್ಲ. ಹೇಳಬೇಕಾದ ಕಡೆ ನಿಂತು, ಹೇಳಬೇಕಾದವರ ಮುಖ ನೋಡಿಯೂ ಹೇಳಲಿಲ್ಲ.

ಮಸ್ಕತ್ತಿಗೆ ಹೋಗಿ ಬಂದಾಗಿನಿಂದ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಸಿಕ್ಕವರೆಲ್ಲ ವಿಮಾನ ಹೇಗಿತ್ತು, ಒಂಟೆ ಕಂಡೆಯಾ ಎಂದು ಕೇಳುತ್ತಾರೆ. ಒಂಟೆಯನ್ನು ನಾನು ನೋಡಲೇ ಇಲ್ಲ. ಉಳಿದದ್ದನ್ನು ಬರೆಯುತ್ತೇನೆ. ಆದರೆ ಹೋದದ್ದು ಯಾಕೆ ಎಂದು ಮೊದಲು ಬರೆಯದಿದ್ದರೆ ಇದೂ ಒಂದು ಸುಳ್ಳಾಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನ್ನ ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನನ್ನ ಹೆಸರು ದುರುಗಪ್ಪ. ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಬಿಟ್ಟು ಹಿಡಿದ ಮೀನನ್ನು ಸಂತೆಯಲ್ಲಿ ಕೊಯ್ದು ಕೊಡುವುದು ನನ್ನ ಕೆಲಸ. ತಂಗಿ ಹುಲಿಗೆಮ್ಮನನ್ನು ಹಡಗಲಿ ಕಡೆಯ ಒಂದು ಊರಿಗೆ ಕೊಟ್ಟಿದ್ದೆವು. ಅವಳ ಗಂಡ ಮೈಲಪ್ಪ ಲಾರಿ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಅವನು ಒಬ್ಬನೇ ಹಿನ್ನೀರಿನ ದಂಡೆಗೆ ಬಂದ.

‘ಭಾವ, ಸಂಜಿ ಆತಂದ್ರ ಕಣ್ಣು ಮಬ್ಬಾಗಾಕ ಹತ್ಯಾವು. ಎದುರಿನ ಗಾಡಿ ಒಂದು ಎರಡಾಗಿ ಕಾಣ್ತಾವು. ಮಾಲೀಕಗ ಗೊತ್ತಾದ್ರ ಗಾಡಿ ಕೊಡಂಗಿಲ್ಲ. ಹುಲಿಗಿಗೂ ಹೇಳಬ್ಯಾಡ. ಏನಾರ ಐತೇನು ನಿನ್ನ ಕಡಿ?’

ಮೀನಿನ ಪಿತ್ತವನ್ನು ಹಸಿಯಾಗಿ ನುಂಗಿದರೆ ಕಣ್ಣು ತಿಳಿಯಾಗುತ್ತದೆ ಎಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ನಮ್ಮಪ್ಪ ಕೊಡುವುದನ್ನು ನಾನು ನೋಡಿದ್ದೆ. ಅಪ್ಪ ಕೊಡುತ್ತಿದ್ದುದು ಹಳ್ಳದ ಸಣ್ಣ ಮೀನಿನದು. ಜೋಳದ ಕಾಳಿನಷ್ಟು ಇರುತ್ತಿತ್ತು. ಅವತ್ತು ನಾನು ಕೊಯ್ದದ್ದು ಡ್ಯಾಮಿನ ರೋಹು, ನನ್ನ ತೊಡೆಯಷ್ಟು ದಪ್ಪ. ಅದರ ಪಿತ್ತದ ಚೀಲ ದೊಡ್ಡ ನೇರಳೆ ಹಣ್ಣಿನಷ್ಟಿತ್ತು, ಕಡುಹಸಿರು. ದೊಡ್ಡದಾದರೆ ಗುಣವೂ ದೊಡ್ಡದು ಎಂದುಕೊಂಡೆ. ಮೈಲಪ್ಪ ಅಂಗೈ ಚಾಚಿದ. ನಾನು ಅದನ್ನು ಒಡೆಯದಂತೆ ಇಟ್ಟೆ. ಕಣ್ಣು ಮುಚ್ಚಿ ನುಂಗಿ, ಮುಖ ಕಿವುಚಿ, ‘ಬೇವು ವಾಸಿ, ಭಾವ’ ಎಂದು ನಕ್ಕು ಹೋದ.

ಮಧ್ಯಾಹ್ನದಿಂದ ವಾಂತಿ ಶುರುವಾಯಿತು. ಎರಡು ದಿನದ ನಂತರ ವಾಂತಿ ನಿಂತಿತು, ಮೂತ್ರವೂ ನಿಂತಿತು. ಮೈ ಊದತೊಡಗಿತು. ಅವನ ತಾಯಿ ಕೆಂಚವ್ವ, ಸೊಸೆ ಮದ್ದು ಹಾಕಿದ್ದಾಳೆ ಎಂದಳು. ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳಲು ಹೆಂಡತಿ ಊಟದಲ್ಲಿ ಏನೋ ಕಲಸುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಮದ್ದು ತೆಗೆಸಲು ಹರಪನಹಳ್ಳಿ ಆಚೆ ಒಂದು ಊರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಕಳೆದರು. ಆಮೇಲೆ ದೊಡ್ಡಾಸ್ಪತ್ರೆ. ಅಲ್ಲಿ ಡಾಕ್ಟರು ನಮ್ಮೆಲ್ಲರನ್ನೂ ನಿಲ್ಲಿಸಿ ಕೇಳಿದರು: ‘ನಾಟಿ ಔಷಧ ಏನಾದರೂ ಕೊಟ್ಟಿದ್ದೀರಾ? ಇದ್ದರೆ ಹೇಳಿ, ನಮಗೆ ದಾರಿ ಸಿಗುತ್ತದೆ.’ ನನ್ನ ಕಡೆಗೂ ನೋಡಿದರು.

‘ಇಲ್ರಿ’ ಎಂದೆ.

ಮೂರನೇ ದಿನ ಮೈಲಪ್ಪ ತೀರಿಕೊಂಡ.

ಹುಲಿಗಿ ತವರಿಗೆ ಬಂದಳು. ಮದ್ದು ಹಾಕಿದವಳು ಎಂಬ ಹೆಸರು ಅವಳಿಗಿಂತ ಮೊದಲೇ ಬಂದಿತ್ತು. ದೊಡ್ಡಪ್ಪನ ಮನೆಯ ಮದುವೆಯಲ್ಲಿ ಅವಳು ರೊಟ್ಟಿ ಬಡಿಸಲು ಬಂದಾಗ ಪಂಕ್ತಿಯಲ್ಲಿದ್ದವರು ಒಬ್ಬೊಬ್ಬರಾಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನಾನೂ ಹಿಡಿದೆ. ಆ ರೊಟ್ಟಿಯಲ್ಲಿ ಏನೂ ಇಲ್ಲ ಎಂದು ಆ ಪಂಕ್ತಿಯಲ್ಲಿ ಖಾತ್ರಿ ಇದ್ದವನು ನಾನೊಬ್ಬನೇ.

ಅದಾದ ಸ್ವಲ್ಪ ದಿನಕ್ಕೆ ಅವಳು ಗುಂತಕಲ್ ಕಡೆಯ ಹೆಂಗಸೊಬ್ಬಳ ಜೊತೆ ಮನೆಗೆಲಸಕ್ಕೆಂದು ಮಸ್ಕತ್ತಿಗೆ ಹೋದವಳು ಹತ್ತು ವರ್ಷ ಹಿಂದಿರುಗಲಿಲ್ಲ. ಈಚೆಗೆ ಒಂದು ದಿನ ಫೋನಿನಲ್ಲಿ, ‘ಅಣ್ಣಾ, ಒಮ್ಮೆ ಬಂದು ಹೋಗು. ನಾ ಏನು ಕೆಲಸ ಮಾಡ್ತೀನಿ ನಿನಗ ತೋರಿಸಬೇಕು’ ಎಂದು ಟಿಕೆಟ್ ಕಳಿಸಿದಳು. ಈ ಸಲ ಹೇಳಿಬಿಡುತ್ತೇನೆ ಎಂದು ಹೊರಟೆ.

ಮೊದಲ ಶುಕ್ರವಾರ

ವಿಮಾನ ಏರುವಾಗ ಕಿವಿ ಕಟ್ಟಿತು. ಪಕ್ಕದಲ್ಲಿದ್ದ ಕೇರಳದ ಮುದುಕ ಬಾಯಿ ತೆರೆದು ಮುಚ್ಚಿ ತೋರಿಸಿ, ಹೀಗೆ ಮಾಡು ಎಂದು ಸನ್ನೆ ಮಾಡಿದ. ಮಾಡಿದೆ. ಬುಟ್ಟಿಗೆ ಬಿದ್ದ ಎರಡು ಮೀನಿನ ಹಾಗೆ ಬಾಯಿ ಬಿಡುತ್ತ ಇಬ್ಬರೂ ಸಮುದ್ರ ದಾಟಿದೆವು.

ಇಳಿದ ಕಡೆ ಚೀಲ ತಪಾಸಣೆ. ನನ್ನ ಹೆಂಡತಿ ಕಟ್ಟಿಕೊಟ್ಟ ಗುರೆಳ್ಳು ಪುಡಿಯ ಡಬ್ಬಿಯನ್ನು ಒಬ್ಬ ಅಧಿಕಾರಿ ತೆರೆದು ಮೂಸಿದ. ಕಪ್ಪು ಪುಡಿ. ‘ಯೇ ಕ್ಯಾ ಹೈ?’ ನನಗೆ ಬರುವುದು ಸಂತೆಯ ಹಿಂದಿ. ‘ಖಾನಾ, ಖಾನಾ’ ಎಂದೆ. ಅವನು ನಂಬಲಿಲ್ಲ. ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡೆ. ಒಣ ಪುಡಿ ಗಂಟಲಿಗೆ ಅಂಟಿ ಕಣ್ಣಲ್ಲಿ ನೀರು ಬಂತು. ಅವನು ಎದೆಯ ಮೇಲೆ ಕೈ ಕಟ್ಟಿಕೊಂಡು, ನನಗೆ ಏನಾಗುತ್ತದೆ ಎಂದು ಕಾಯುತ್ತ ನಿಂತ. ಏನೂ ಆಗದ ಮೇಲೆ ನಕ್ಕು ಬಿಟ್ಟ.

ನನಗೆ ನಗು ಬರಲಿಲ್ಲ. ಬೀಗರ ಮನೆಯಲ್ಲಿ ಹುಲಿಗಿಗೂ ಹೀಗೇ ಮಾಡಿದ್ದರು. ಮಿಕ್ಕ ಸಾರನ್ನು ಅವಳಿಗೇ ಕುಡಿಸಿ, ಸಂಜೆಯವರೆಗೆ ಸುತ್ತ ಕೂತು ನೋಡಿದ್ದರು. ಅವಳಿಗೆ ಏನೂ ಆಗಲಿಲ್ಲ. ಹಾಕಿದವಳಿಗೆ ಮದ್ದು ತಾಗುವುದಿಲ್ಲ ಎಂದರು.

ಹೊರಗೆ ಹುಲಿಗಿ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕಾಲಿಗೆ ಬಿದ್ದು ಎದ್ದವಳು ನನ್ನ ಬಾಯಿ ನೋಡಿದಳು.

‘ಯಾಕಣ್ಣಾ, ಹಲ್ಲೆಲ್ಲ ಕರ್ರಗಾಗ್ಯಾವು?’

‘ಗುರೆಳ್ಳು ಪುಡಿ ತಿನ್ನಿಸಿದ್ರವ್ವಾ, ಆ ಸಾಹೇಬ್ರು.’

‘ನನ್ನ ಪಾಲು ಉಳಿಸಿದ್ಯೋ, ಎಲ್ಲಾ ಮುಕ್ಕಿ ಬಂದ್ಯೋ?’ ಎಂದು ನಕ್ಕಳು. ಅವಳ ನಗು ಮೊದಲಿನಂತೆಯೇ ಇತ್ತು. ಅವಳ ಮೈಯಿಂದ ಮಾತ್ರ ಮೂಗು ಸುಡುವ ಯಾವುದೋ ಔಷಧದ ವಾಸನೆ ಬರುತ್ತಿತ್ತು. ಸಾಬೂನಿಗೆ ಹೋಗದಂಥ ವಾಸನೆ.

ಅವಳಿದ್ದ ಮನೆಯಲ್ಲಿ ಇನ್ನೂ ಮೂವರು ಹೆಂಗಸರಿದ್ದರು. ಇಬ್ಬರು ತೆಲುಗಿನವರು, ಒಬ್ಬಳು ಸಿಂಹಳದವಳು. ಹುಲಿಗಿ ರೊಟ್ಟಿ ಬಡಿಯುತ್ತಿದ್ದಂತೆ ಅವರು ಹೆಂಚಿನಿಂದಲೇ ಕಿತ್ತುಕೊಂಡು ತಿನ್ನುತ್ತಿದ್ದರು. ಒಬ್ಬಳು ಅವಳ ತಟ್ಟೆಗೇ ಕೈ ಹಾಕಿದಳು. ಹುಲಿಗಿ ಸೌಟಿನಿಂದ ಅವಳ ಕೈಗೆ ಒಂದು ಕೊಟ್ಟಳು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ.

ಕೊನೆಗೆ ನನ್ನ ತಟ್ಟೆಯ ಹತ್ತಿರ ಬಂದು, ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಳು. ಹಾಕಲಿಲ್ಲ. ಎಷ್ಟು ಹೊತ್ತು ನಿಂತಳೋ. ನಾನು ಎರಡೂ ಕೈ ಚಾಚಿದೆ. ಆಗ ಹಾಕಿದಳು.

ಊಟದ ನಂತರ ಫೋನು ತೆಗೆದು ಯಾವುದೋ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಇಬ್ಬರ ನಡುವೆ ನೆಲದ ಮೇಲಿಟ್ಟಳು. ಆ ಕಡೆ ಯಾರೋ ಎತ್ತಿಕೊಂಡರು.

‘ಅತ್ತೀ, ನಾನು ಹುಲಿಗಿ. ಉಂಡಿ?’

ಉತ್ತರ ಬರಲಿಲ್ಲ. ಉಸಿರಾಟ ಕೇಳುತ್ತಿತ್ತು. ಮುದಿ ಉಸಿರು, ಒಳಗೆ ಹೋಗುವಾಗ ಸಣ್ಣಗೆ ಸಿಳ್ಳು. ದೂರದಲ್ಲಿ ಒಂದು ಕೋಳಿ ಕೂಗಿತು. ಆ ಉಸಿರು ಕೋಣೆಯ ತುಂಬ ಹರಡಿಕೊಂಡಿತು. ನನ್ನ ಉಸಿರು ಕೇಳಬಾರದೆಂದು ನಾನು ಬಿಗಿ ಹಿಡಿದೆ. ಕಡೆಗೆ ಹುಲಿಗಿ, ‘ಇಡ್ತೀನತ್ತಿ’ ಎಂದು ಫೋನಿಟ್ಟಳು.

‘ಕೆಂಚವ್ವ?’ ಎಂದೆ.

‘ಹ್ಞೂಂ. ಪ್ರತಿ ಶುಕ್ರವಾರ ಮಾಡ್ತೀನಿ. ಒಂಬತ್ತು ವರ್ಷ ಆತು. ಒಂದು ಮಾತೂ ಆಡಿಲ್ಲ ಆಕಿ.’

‘ಮತ್ಯಾಕ ಮಾಡ್ತಿ ಹುಚ್ಚಿ?’

‘ಎತ್ತತಾಳಲ್ಲಣ್ಣಾ’ ಎಂದಳು.

ಮೀನು ಸಂತೆ

ಮರುದಿನ ಬೆಳಿಗ್ಗೆ ಸಮುದ್ರದ ದಂಡೆಯ ಮೀನು ಸಂತೆಗೆ ಹೋದೆವು. ಅಲ್ಲಿ ಮಾರುವವರೇ ಬೇರೆ, ಕೊಯ್ಯುವವರೇ ಬೇರೆ. ಮೀನು ಕೊಂಡು, ಅದನ್ನು ಎತ್ತಿಕೊಂಡು, ಕೊಯ್ಯುವವರ ಸಾಲಿನ ಮುಂದೆ ನಿಲ್ಲಬೇಕು. ನಮ್ಮಲ್ಲಿ ಹಾಗೆ ಮಾಡಿದರೆ ಮಾರುವವನಿಗೂ ಕೊಯ್ಯುವವನಿಗೂ ದಿನಕ್ಕೊಂದು ಜಗಳ. ಅಲ್ಲಿ ಗದ್ದಲವೇ ಇರಲಿಲ್ಲ. ಬಿಳಿ ನಿಲುವಂಗಿಯ ಗಂಡಸರು ಮೀನಿನ ಕಿವಿರು ಎತ್ತಿ ನೋಡಿ, ಸುಮ್ಮನೆ ಮುಂದೆ ಹೋಗುತ್ತಿದ್ದರು. ಕಿವಿರು ಕೆಂಪಗಿದೆಯೇ ಎಂದು ನೋಡುವುದು ಎಲ್ಲ ದೇಶದವರಿಗೂ ಗೊತ್ತು.

ಒಂದು ಕಲ್ಲಿನ ಕಟ್ಟೆಯ ಮೇಲೆ ಕಂದುಬಣ್ಣದ ದೊಡ್ಡ ಮೀನುಗಳನ್ನು ಸಾಲಾಗಿ ಮಲಗಿಸಿದ್ದರು. ಎಲ್ಲದರ ಬಾಯಿಂದಲೂ ಗುಲಾಬಿ ಬಣ್ಣದ ಉಂಡೆಯೊಂದು ಹೊರಗೆ ಬಂದಿತ್ತು. ಕಣ್ಣು ಹೊರಕ್ಕೆ ಉಬ್ಬಿದ್ದವು. ಎಲ್ಲವೂ ಒಟ್ಟಿಗೆ ಏನನ್ನೋ ಹೇಳಲು ಹೋಗಿ ಅಷ್ಟಕ್ಕೇ ನಿಂತಂತೆ ಕಂಡಿತು.

‘ನಾಲಿಗಿ ಹಿಂಗ್ಯಾಕ ಬಾತೈತಿ?’ ಎಂದೆ.

‘ನಾಲಿಗಿ ಅಲ್ಲಣ್ಣಾ, ಹೊಟ್ಟಿ ಅದು’ ಎಂದಳು ಹುಲಿಗಿ. ‘ಒಳಗ ಗಾಳಿಚೀಲ ಇರತೈತಲ್ಲ, ಅದರ ಮ್ಯಾಲ ನೀರಿನ ಭಾರ ಬಿದ್ದಿರತೈತಿ. ಆಳದಿಂದ ಗಬಕ್ಕನ ಮ್ಯಾಲ ಎಳದ್ರ ಭಾರ ಹೋಗಿ ಚೀಲ ಹಿಗ್ಗತೈತಿ. ಹೊಟ್ಟೀನ ಬಾಯಾಗಿಂದ ಹೊರಗ ದಬ್ಬತೈತಿ. ಮೆಲ್ಲಕ ಎಳದಿದ್ರ ಹಿಂಗಾಗ್ತಿದ್ದಿಲ್ಲ.’

ನಾನು ಅವಳನ್ನೇ ನೋಡಿದೆ. ಎರಡನೇ ಕ್ಲಾಸೂ ಮುಗಿಸದ ಹುಡುಗಿ. ಗಾಳಿಚೀಲವನ್ನು ನಾನು ಸಾವಿರ ಸಲ ಕಿತ್ತೆಸೆದಿದ್ದೇನೆ. ಮಕ್ಕಳು ಅದನ್ನು ಕಾಲಿನಿಂದ ಒತ್ತಿ ಪಟ್ ಅನ್ನಿಸುತ್ತವೆ. ಅದು ಯಾಕಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಮ್ಮ ಮೀನನ್ನು ಕೊಯ್ಯಲು ಸಿಕ್ಕವನು ಬಂಗಾಳದ ಕಡೆಯವನು. ನಾನೂ ಅದೇ ಕೆಲಸದವನು ಎಂದು ಹುಲಿಗಿ ಹೇಳಿದ್ದೇ ತಡ, ಕತ್ತಿ ನನ್ನ ಕೈಗೆ ಕೊಟ್ಟು ಬದಿಗೆ ಸರಿದ. ಹೊಟ್ಟೆ ಸೀಳಿದೆ, ಕರುಳು ತೆಗೆದೆ. ಬೆನ್ನುಮೂಳೆಯ ಕೆಳಗೆ ಉದ್ದಕ್ಕೂ ಅಂಟಿಕೊಂಡಿರುವ ಕಪ್ಪು ರಕ್ತವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯತೊಡಗಿದೆ. ಅವನು ನಕ್ಕು ಒಂದು ಹಳೆಯ ಚಮಚ ಕೊಟ್ಟ. ‘ಖೂನ್ ನಿಕಾಲೋ, ಖೂನ್!’ ಭಾಷೆ ಬೇರೆಯಾದರೂ ನಾವಿಬ್ಬರೂ ಅದನ್ನು ರಕ್ತ ಎಂದೇ ಕರೆಯುತ್ತಿದ್ದೆವು. ಕೆರೆಯದೆ ಬಿಟ್ಟರೆ ಸಾರು ಕಹಿಯಾಗುತ್ತದೆ.

ಹುಲಿಗಿ ಬಗ್ಗಿ ನೋಡಿದಳು.

‘ಅದು ರಕ್ತ ಅಲ್ಲಣ್ಣಾ.’

‘ಮತ್ತೇನು?’

‘ನಾಳಿ ತೋರಿಸ್ತೀನಿ.’

ಬಾಟಲಿಗಳ ಕೋಣೆ

ಮೊದಲು ಅವಳು ಕೆಲಸಕ್ಕಿದ್ದ ಮನೆಯ ಒಡತಿ ಒಬ್ಬ ಟೀಚರು. ಮೀನಿನ ವಿಷಯ ಕಲಿಸುವ ಕಾಲೇಜಿನಲ್ಲಿ ಪಾಠ ಮಾಡುವವರು. ಅವರೇ ಹುಲಿಗಿಯನ್ನು ಕಾಲೇಜಿನ ಒಂದು ಕೋಣೆ ನೋಡಿಕೊಳ್ಳಲು ಹಚ್ಚಿದ್ದರು. ಆ ಮೇಡಮ್ ತಿಂಗಳಾನುಗಟ್ಟಲೆ ಒಂದೊಂದು ಬಾಟಲಿಯನ್ನೂ ಹಿಂದಿಯಲ್ಲಿ ವಿವರಿಸಿ ಹೇಳಿಕೊಟ್ಟಿದ್ದರಂತೆ.

ಮರುದಿನ ಆ ಕೋಣೆಯ ಬಾಗಿಲು ತೆರೆದ ಕೂಡಲೇ ಅವಳ ಮೈಯ ವಾಸನೆ ಎದುರು ಬಂತು. ಉದ್ದನೆಯ ಕೋಣೆ, ಕಿಟಕಿ ಇಲ್ಲ. ಹಗಲಿನಲ್ಲೂ ಬಿಳಿ ದೀಪ. ನೆಲದಿಂದ ಮಾಡಿನವರೆಗೆ ಗಾಜಿನ ಬಾಟಲಿಗಳು. ಪ್ರತಿಯೊಂದರಲ್ಲೂ ತಿಳಿ ಔಷಧದಲ್ಲಿ ಮುಳುಗಿದ ಮೀನು, ಇಲ್ಲವೆ ಮೀನಿನ ಒಂದು ಭಾಗ. ಮೀನಿಗೆ ರೆಪ್ಪೆ ಇಲ್ಲ. ನಾನು ಯಾವ ಕಡೆ ಸರಿದರೂ ಸಾಲು ಸಾಲು ಕಣ್ಣು ನನ್ನ ಕಡೆಗೇ ಇದ್ದವು. ಗೋಡೆಯೊಳಗೆ ತಂಪು ಮಾಡುವ ಯಂತ್ರ ಗುಂಯ್ ಎನ್ನುತ್ತಿತ್ತು. ನಿನ್ನೆ ಫೋನಿನಲ್ಲಿ ಕೇಳಿದ ಉಸಿರು ನೆನಪಾಯಿತು. ನಿನ್ನೆಯಲ್ಲ, ಮೊನ್ನೆ. ಅಲ್ಲಿ ನಿಂತಾಗ ದಿನದ ಲೆಕ್ಕವೂ ತಪ್ಪಿತ್ತು.

ಹುಲಿಗಿ ಒದ್ದೆ ಬಟ್ಟೆ ತೆಗೆದುಕೊಂಡು ಬಾಟಲಿ ಒರೆಸುತ್ತ ಹೇಳತೊಡಗಿದಳು. ಮನೆಯ ಮಂದಿಯನ್ನು ಪರಿಚಯ ಮಾಡಿಕೊಡುವಂತೆ ಇತ್ತು ಅವಳ ಧಾಟಿ.

‘ಇವು ಕಿವಿರು. ಬಾಯಾಗಿಂದ ನೀರು ಒಳಗ ತಗೊಂಡು ಇಲ್ಲಿಂದ ಹೊರಗ ಬಿಡತೈತಿ. ಹಾದು ಹೋಗೂ ನೀರಾಗಿನ ಗಾಳೀನ ರಕ್ತ ಹೀರ್ಕೊಂತೈತಿ. ಅದಕ್ಕ ಕೆಂಪಗ ಇರತೈತಿ. ಇದು ಗುಂಡಿಗಿ. ನಮ್ಮದರಾಗ ನಾಕು ಕೋಣಿ ಅಂತ, ಇದರಾಗ ಎರಡಾ. ಕಿತ್ತು ತಟ್ಟಿಯಾಗ ಇಟ್ರೂ ಸ್ವಲ್ಪ ಹೊತ್ತು ಬಡಕೊಂತ ಇರತೈತಿ.’

‘ಅದನ್ನ ನಾನೂ ನೋಡೀನಿ’ ಎಂದೆ. ನಿಜ. ಕರುಳಿನ ರಾಶಿಯಲ್ಲಿ, ಯಾರಿಗೂ ಬೇಡವಾದ ಮೇಲೂ, ಕೆಂಪು ಕಾಳೊಂದು ಮಿಡಿಯುತ್ತಿರುತ್ತದೆ.

ಒಂದು ಬಾಟಲಿಯ ಮುಂದೆ ಕಾಲು ನಿಂತಿತು. ಅದರಲ್ಲಿದ್ದ ಮೀನಿಗೆ ಮಾಂಸ ಇದ್ದೂ ಇರಲಿಲ್ಲ. ಮೈಯೆಲ್ಲ ಗಾಜಿನಂತೆ ತಿಳಿಯಾಗಿ, ಒಳಗಿನ ಒಂದೊಂದು ಎಲುಬೂ ರಕ್ತದಲ್ಲಿ ಅದ್ದಿದಂತೆ ಕೆಂಪಗೆ ಕಾಣುತ್ತಿತ್ತು. ಮೀನಿನ ಹಿಂದೆ ನಿಂತ ಹುಲಿಗಿಯ ಮುಖವೂ ಅದರ ಪಕ್ಕೆಲುಬುಗಳ ನಡುವೆ ಕಾಣುತ್ತಿತ್ತು.

‘ಏನೋ ಔಷಧ ಹಾಕಿ ಹಂಗ ಮಾಡ್ತಾರ’ ಎಂದಳು ಅವಳು, ಮೀನಿನೊಳಗಿಂದ. ‘ಎಲ್ಲಾ ಬಾಟ್ಲಿ ವರಸ್ತೀನಿ. ಇದನ್ನ ಮಾತ್ರ ಕಣ್ಣು ಮುಚ್ಚಿ ವರಸ್ತೀನಿ ಇವತ್ತಿಗೂ.’

ಆಮೇಲೆ ಉದ್ದನೆಯ ಬಾಟಲಿಯೊಂದನ್ನು ಇಳಿಸಿ ಮೇಜಿನ ಮೇಲಿಟ್ಟಳು. ಅರ್ಧ ಸೀಳಿದ ಮೀನು. ಬೆನ್ನುಮೂಳೆಯ ಕೆಳಗೆ ಉದ್ದಕ್ಕೂ ಅದೇ ಕಪ್ಪು ಪಟ್ಟಿ.

‘ಇದ ನೋಡು, ನೀ ಕೆರದಿದ್ದು. ಮೂತ್ರಪಿಂಡ ಇದು.’

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಟ್ಟೆ ಮಡಿಸುತ್ತ ಹೇಳಿದಳು: ‘ನಮ್ಮ ಹಿನ್ನೀರಿನ ಮೀನು ನೀರು ಕುಡಿಯಂಗಿಲ್ಲ, ಗೊತ್ತೇನು? ಅದರ ಮೈಯಾಗ ಉಪ್ಪು ಜಾಸ್ತಿ, ಹೊರಗಿನ ನೀರು ಸಪ್ಪ. ಅದಕ್ಕ ನೀರು ತಾನಾ ಒಳಗ ಇಳೀತೈತಿ, ಹಗಲಿ ರಾತ್ರಿ. ಈ ಪಟ್ಟಿ ಅದನ್ನ ಸೋಸಿ ಹೊರಗ ಹಾಕ್ಕೋಂತ ಇರತೈತಿ. ಸಮುದ್ರದ ಮೀನಿಂದು ತಿರುಗಾಮುರುಗಾ. ಅದರ ಮೈಯಾಗಿನ ನೀರನ್ನ ಉಪ್ಪುನೀರು ಎಳಕೊಂತೈತಿ. ಅದಕ್ಕ ಅದು ಕುಡೀತಾನಾ ಇರಬೇಕು.’

‘ಈ ಪಟ್ಟಿ ಕೆಲಸ ನಿಲ್ಲಿಸಿದ್ರ?’

‘ನಮ್ಮ ಕಡಿ ಮೀನಾ? ಊದತೈತಿ. ಒಳಗಿನ ನೀರಿಗೇ ಊದಿ ಊದಿ ಸಾಯತೈತಿ.’

ಆಸ್ಪತ್ರೆಯ ಮಂಚದ ಮೇಲಿನ ಮೈಲಪ್ಪನ ಪಾದ ಕಣ್ಣಿಗೆ ಬಂತು. ಬೆರಳು ಒತ್ತಿದರೆ ಕುಣಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮೂವತ್ತು ವರ್ಷದಿಂದ ನಾನು ಉಗುರಿನಿಂದ ಕೆರೆದು ನೆಲಕ್ಕೆ ಒರೆಸಿದ್ದು ಅದನ್ನು.

ಮುಖ ತಿರುಗಿಸಿಕೊಂಡೆ. ಆಗ ಎದುರಿನ ಸಾಲಿನಲ್ಲಿ ಒಂದು ಸಣ್ಣ ಬಾಟಲಿ ಕಂಡಿತು. ಎಲ್ಲ ಬಾಟಲಿಗಳ ಚೀಟಿ ನಮ್ಮ ಕಡೆ ಇದ್ದರೆ, ಅದರ ಚೀಟಿ ಮಾತ್ರ ಗೋಡೆಯ ಕಡೆ ಇತ್ತು. ಉಳಿದವುಗಳ ಔಷಧ ತಿಳಿಯಾಗಿತ್ತು. ಅದರದು ಹಸಿರು.

ಅವಳೇ ಹೇಳಿದಳು.

‘ಅದನ್ನ ನಾನು ದಿನಾ ಹಿಂದ ತಿರುಗಿಸಿ ಇಡ್ತೀನಿ. ಮೇಡಮ್ ಬಂದು ಮುಂದಕ ತಿರುಗಿಸ್ತಾರ. ಮತ್ತ ನಾನು ಹಿಂದಕ. ಆರು ವರ್ಷ ಆತು, ಅವ್ರೂ ಬೈದಿಲ್ಲ, ನಾನೂ ಬಿಟ್ಟಿಲ್ಲ. ನಿಮ್ಮ ದೇಶದಾಗ ಈ ಪಿತ್ತಾನ ಹಸೀದ ನುಂಗ್ತಾರ, ನುಂಗಿದವ್ರ ಮೂತ್ರಪಿಂಡ ಸತ್ತು ಹೋಗ್ತಾವು ಅಂತ ಅವ್ರಾ ಒಂದಿನ ಹೇಳಿದ್ರು.’

ನನ್ನನ್ನು ನೋಡಲಿಲ್ಲ. ಬಟ್ಟೆ ಹಿಂಡಿ, ಮತ್ತೆ ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ. ಇದೇ ಸಮಯ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ವಿಮಾನದಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದೆ.

‘ವಾಸನಿಗೆ ತಲಿ ಸುತ್ತಾಕ ಹತ್ತೈತಿ ಹುಲಿಗಿ’ ಎಂದು ಹೊರಗೆ ಬಂದುಬಿಟ್ಟೆ.

ಕಾವಲುಗಾರನ ಕಾಫಿ

ಆಮೇಲಿನ ನಾಲ್ಕು ದಿನ ಅವಳು ಒಳಗೆ ಕೆಲಸ ಮಾಡುವಾಗ ನಾನು ಕಾಲೇಜಿನ ಗೇಟಿನಲ್ಲಿ ಕೂತೆ. ಅಲ್ಲಿನ ಕಾವಲುಗಾರ ಆ ದೇಶದವನೇ, ಬಿಳಿ ಗಡ್ಡದ ಮುದುಕ. ಮೊದಲ ದಿನ ಖರ್ಜೂರ ಕೊಟ್ಟು, ಕಿವಿ ಇಲ್ಲದ ಸಣ್ಣ ಕಪ್ಪಿನಲ್ಲಿ ಏಲಕ್ಕಿ ವಾಸನೆಯ ಕಹಿ ಕಾಫಿ ಹಾಕಿದ. ಕುಡಿದು ಕಪ್ಪು ಹಿಡಿದೆ. ಮತ್ತೆ ಹಾಕಿದ. ಕುಡಿದೆ. ಮತ್ತೆ ಹಾಕಿದ. ಬೇಡ ಎಂದರೆ ಬೇಜಾರಾದೀತು ಎಂದು ಒಂಬತ್ತು ಕಪ್ಪು ಕುಡಿದೆ. ಎದೆ ಡವಡವ ಬಡಿದುಕೊಳ್ಳತೊಡಗಿತು. ಹುಲಿಗಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

‘ಕಪ್ಪು ಅಲ್ಲಾಡಿಸಬೇಕಣ್ಣಾ! ಹಿಂಗ. ಅಲ್ಲಾಡಿಸಿದ್ರ ಸಾಕು ಅಂತ.’

ನಮ್ಮ ಕಡೆ ಬಡಿಸುವವರಿಗೆ ಸಾಕು ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಆ ಮಾತು ನನ್ನ ಬಾಯಿಂದ ಬರಲಿಲ್ಲ. ಅವಳ ನಗುವೂ ಅರ್ಧಕ್ಕೆ ನಿಂತಿತು. ಅವಳಿಗೂ ಅದೇ ನೆನಪಾಗಿರಬೇಕು.

ಆ ನಾಲ್ಕೂ ದಿನ ಅವಳು ನನ್ನನ್ನು ಊರಿನ ಸುದ್ದಿ ಕೇಳುತ್ತಿದ್ದಳು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಮಳೆ, ನನ್ನ ಮಗಳ ಓದು, ಎಲ್ಲ ಕೇಳಿದಳು. ಮೈಲಪ್ಪನ ಸಾವಿನ ಮಾತೊಂದನ್ನು ಎತ್ತಲಿಲ್ಲ. ಮೀನಿನ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಸಣ್ಣ ರಂಧ್ರಗಳ ಗೆರೆಯೊಂದಿರುತ್ತದೆ, ಅದರಿಂದಲೇ ಅದು ನೀರಿನ ಅಲುಗಾಟ ತಿಳಿಯುತ್ತದೆ, ಕಣ್ಣು ಕಾಣದಿದ್ದರೂ ಹತ್ತಿರ ಬಂದವರು ಗೊತ್ತಾಗುತ್ತಾರೆ ಎಂದು ಅವಳೇ ಹೇಳಿದ್ದಳು. ಅಡಿಗೆ ಮನೆಯಲ್ಲಿ ನನಗೆ ಬೆನ್ನು ಮಾಡಿ ಕೂತಾಗಲೂ ಅವಳು ನನ್ನನ್ನು ಗಮನಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಎರಡನೇ ಶುಕ್ರವಾರ

ಮರುದಿನ ನಾನು ಹೊರಡಬೇಕಿತ್ತು. ಬೆಳಿಗ್ಗೆ ಹೊರಗೆ ಹೋದ ಹುಲಿಗಿ ಒಂದು ಮೀನು ತಂದು ಹಲಗೆಯ ಮೇಲೆ ಹಾಕಿದಳು. ಬಂಗಾಳಿಗಳ ಅಂಗಡಿಯಲ್ಲಿ ಸಿಕ್ಕ, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ರೋಹು. ಹೊಟ್ಟೆ ಸೀಳಿರಲಿಲ್ಲ.

‘ನಿನ್ನ ಊರ ಮೀನು ಸಿಕ್ತಣ್ಣಾ. ನೀನಾ ಕೊಯ್ಯಿ.’

ಕರಗುವವರೆಗೆ ಇಬ್ಬರೂ ಅದರ ಎದುರು ಕೂತೆವು. ಉಳಿದ ಹೆಂಗಸರು ಬಟ್ಟೆ ಒಣಗಿಸಲು ಮಾಳಿಗೆಗೆ ಹೋಗಿದ್ದರು. ಬಿಳಿ ಮಂಜು ಹೋಗಿ ಕಣ್ಣು ಮೊದಲು ತಿಳಿಯಾಯಿತು. ಹಲಗೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಹುರುಪೆ ತೆಗೆದೆ. ಹೊಟ್ಟೆ ಸೀಳಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು, ಆದರೆ ಈಗ ಒಂದೊಂದಕ್ಕೂ ಹೆಸರಿತ್ತು, ಕೆಲಸವಿತ್ತು. ಗುಂಡಿಗೆ. ಗಾಳಿಚೀಲ. ಪಿತ್ತಜನಕಾಂಗ. ಅದರ ಮಡಿಲಲ್ಲಿ ಹಸಿರು ಚೀಲ, ನೇರಳೆ ಹಣ್ಣಿನಷ್ಟು. ಎಂದಿನಂತೆ ಒಡೆಯದಂತೆ ಬಿಡಿಸಿ ಎತ್ತಿದೆ.

ಹುಲಿಗಿ ನನ್ನ ಮುಂದೆ ಅಂಗೈ ಚಾಚಿದಳು.

‘ಇಲ್ಲಿ ಕೊಡು’ ಎಂದಳು.

ಮೈಲಪ್ಪ ಚಾಚಿದಂತೆಯೇ. ಬೆರಳು ಸ್ವಲ್ಪ ಮಡಿಸಿ, ತಟ್ಟೆಯಂತೆ. ಅವತ್ತು ದಂಡೆಯ ಮೇಲೆ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ನೋಡಿರಲು ಸಾಧ್ಯವಿಲ್ಲ. ಬೆರಳು ಬಿಗಿಯಾಗಿ ಚೀಲ ಒಡೆಯಿತು. ಹಸಿರು ನೀರು ಮಣಿಕಟ್ಟಿನವರೆಗೆ ಇಳಿಯಿತು.

‘ನಾನಾ ಕೊಟ್ಟಿದ್ದೆ’ ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ‘ಮೈಲಪ್ಪಗ. ಕಣ್ಣಿಗೆ ಅಂತ.’

ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

‘ಗೊತ್ತು’ ಎಂದಳು. ‘ಅವತ್ತು ಮನಿಗೆ ಬಂದಾಗ ಅವರ ಅಂಗಿ ತೋಳಿಗೆ ಮೀನಿನ ಹುರುಪಿ ಹತ್ತಿತ್ತು. ಮೀನು ಮಾತ್ರ ತಂದಿದ್ದಿಲ್ಲ. ನಿನ್ನ ಕಡಿ ಬಂದಿದ್ರು ಅಂತ ಅವತ್ತಾ ತಿಳೀತು. ಯಾಕ ಅಂತ ಮೇಡಮ್ ಹೇಳಿದ ದಿನ ತಿಳೀತು.’

‘ಮತ್ತ ಯಾಕ ಕೇಳಲಿಲ್ಲ ನನ್ನ?’

‘ಕೇಳಿದ್ರ ನೀ ಇಲ್ಲ ಅಂತಿದ್ದಿ. ಡಾಕ್ಟರ್‌ಗ ಅಂದಂಗ. ಬಾಗಿಲದಾಗ ನಿಂತಿದ್ದೆ ನಾನು.’

ನಾನು ಅವಳ ಕಾಲ ಕಡೆ ಬಗ್ಗಿದೆ. ಅವಳು ಸರಿದು ನಿಂತಳು.

‘ನನಗ ಹೇಳಿದ್ರ ಏನು ಬಂತಣ್ಣಾ? ನನಗ ಗೊತ್ತಿದ್ದದ್ದಾ. ನಾ ಹಾಕಿಲ್ಲ ಅಂತ ನಾ ಹೇಳಿದ್ರ ನಂಬೋರ್ಯಾರು? ನಾ ಹಾಕಿದೆ ಅಂತ ನಂಬಿ ಕುಂತಾಕಿ ಒಬ್ಬಾಕಿ ಅದಾಳಲ್ಲ, ಮಗನ್ನ ಕಳಕೊಂಡಾಕಿ. ಆಕಿಗೆ ಹೇಳು.’

ಶುಕ್ರವಾರದ ಹೊತ್ತಾಗಿತ್ತು. ಅವಳು ಫೋನು ತೆಗೆದು ಒತ್ತಿ, ಸ್ಪೀಕರಿಗೆ ಹಾಕಿ, ಸೀಳಿದ ಮೀನಿನ ಪಕ್ಕದಲ್ಲಿ ಹಲಗೆಯ ಮೇಲಿಟ್ಟಳು. ಮೀನಿನ ಬೆನ್ನುಮೂಳೆಯ ಕೆಳಗೆ ಕಪ್ಪು ಪಟ್ಟಿ ಹಾಗೇ ಇತ್ತು. ನಾನು ಅದನ್ನು ಕೆರೆದಿರಲಿಲ್ಲ.

ಆ ಕಡೆ ಎತ್ತಿಕೊಂಡರು.

‘ಅತ್ತೀ, ನಾನು ಹುಲಿಗಿ’ ಎಂದಳು. ಅಷ್ಟೇ. ಆಮೇಲೆ ನನ್ನನ್ನು ನೋಡಿದಳು.

ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಸಣ್ಣ ಸಿಳ್ಳು. ನಾನು ಪಿಸುಗುಟ್ಟಿದೆ. ಏನೆಂದೆನೋ ಗೊತ್ತಿಲ್ಲ, ನನ್ನ ಹೆಸರು ಹೇಳಿರಬೇಕು. ಆ ಕಡೆಯ ಉಸಿರು ಥಟ್ಟನೆ ನಿಂತಿತು. ಹಲಗೆಯಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳಿತು. ಎಷ್ಟೋ ಹೊತ್ತಿನ ಮೇಲೆ, ಒಂಬತ್ತು ವರ್ಷ ಆ ಫೋನಿನಲ್ಲಿ ಮಾತಾಡದ ಬಾಯಿ ಮಾತಾಡಿತು.

‘ಜೋರಾಗಿ ಹೇಳು.’

ಹುಲಿಗಿ ನನ್ನ ಹಸಿರು ಕೈಯನ್ನು ಹಿಡಿದುಕೊಂಡಳು. ಮಾಳಿಗೆಯ ಮೇಲಿನ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ ನಾನು ಹೇಳಿದೆ:

‘ಅತ್ತೀ, ನಾನು ದುರುಗಪ್ಪ, ಹುಲಿಗಿ ಅಣ್ಣ. ನಿನ್ನ ಮಗಗ ಆಕಿ ಏನೂ ಹಾಕಿದ್ದಿಲ್ಲ. ಮೀನಿನ ಪಿತ್ತ ಕೊಟ್ಟಾಂವ ನಾನು. ಡಾಕ್ಟರ್ ಕೇಳಿದ್ರ ಇಲ್ಲ ಅಂದಾಂವ ನಾನು. ಎಲ್ಲಾ ಗೊತ್ತಿದ್ದೂ, ಎಲ್ಲಾರ ಮುಂದ, ಆಕಿ ರೊಟ್ಟಿಗೆ ಕೈ ಅಡ್ಡ ಹಿಡದಾಂವ ನಾನು. ತಪ್ಪಾತು, ಅತ್ತಿ. ತಪ್ಪಾತು, ಹುಲಿಗಿ.’